ಮಹಡಿ ಮನೆಯ ಮೇಡಂ ಬೇಡ ಎಂದ ದಿನ

ರವೀಂದ್ರನಗರದಲ್ಲಿ ನಮ್ಮ ಎದುರು ಮನೆಯ ಮಹಡಿಗೆ ಫಿನ್‌ಲೆಂಡಿನ ಹೆಂಗಸೊಬ್ಬರು ಬಾಡಿಗೆಗೆ ಬಂದದ್ದು ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ. ವಯಸ್ಸು ನಲವತ್ತರ ಆಸುಪಾಸು. ಭದ್ರಾವತಿಯಲ್ಲಿ, ಸರಿಯಾಗಿ ನಡೆಯಲಾಗದ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಒಂದು ಚಿಕ್ಕ ಕೇಂದ್ರದಲ್ಲಿ ಅವರಿಗೆ ಕೆಲಸ. ಊರಲ್ಲಿ ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ನಾನು ಆಗ ಶಿವಮೊಗ್ಗದ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಕಂಡದ್ದನ್ನು, ಕೇಳಿದ್ದನ್ನು, ಊಹಿಸಿದ್ದನ್ನು ಬೇರೆ ಬೇರೆ ಇಡಬೇಕೆಂಬುದು ಆ ಕೆಲಸ ಕಲಿಸಿದ ಪಾಠ. ಇಲ್ಲಿಯೂ ಹಾಗೇ ಇಡಲು ನೋಡುತ್ತೇನೆ.

ಪರದೇಶದವರು ಬಂದರೆ ರಸ್ತೆಯ ಜನ ಅವರ ದೇಶದ ಬಗ್ಗೆ ಕೇಳುತ್ತಾರೆಂದು ನಾನು ಎಣಿಸಿದ್ದೆ. ಯಾರೂ ಕೇಳಲಿಲ್ಲ. ಫಿನ್‌ಲೆಂಡ್ ಎಲ್ಲಿದೆ ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಮೇಡಂ ಯಾಕೆ ಕೆಲಸದವರನ್ನು ಇಟ್ಟುಕೊಂಡಿಲ್ಲ ಎಂಬುದು ಎಲ್ಲರಿಗೂ ಬೇಕಾಗಿತ್ತು. ಪಾತ್ರೆ, ಬಟ್ಟೆ, ನೆಲ, ಹೊರಗಿನ ಮೆಟ್ಟಿಲು ಎಲ್ಲವನ್ನೂ ಅವರೇ ತೊಳೆಯುತ್ತಿದ್ದರು. ಕೆಳಗಿನ ಮನೆಯಲ್ಲಿದ್ದ ಮಾಲೀಕರ ಹೆಂಡತಿಗೆ ಇದು ದೊಡ್ಡ ಸಂಕಟ. ಅವರನ್ನು ರಸ್ತೆಯವರೆಲ್ಲ ಅಕ್ಕ ಎನ್ನುತ್ತಿದ್ದರು. ಗಾಂಧಿ ಬಜಾರಿನಲ್ಲಿ ಅವರ ಮನೆಯವರದು ಅಕ್ಕಿ ಮಂಡಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ ಹೊರಗೆ ಬಂದರೆ ಮೆಟ್ಟಿಲ ಮೇಲೆ ಮೇಡಂ ಬಕೆಟ್ ಹಿಡಿದು ನಿಂತಿರುತ್ತಿದ್ದರು.

"ಅಷ್ಟು ಓದಿದೋರು, ಬಾಗ್ಕೊಂಡು ಮೆಟ್ಲು ಉಜ್ತಾರೆ. ನೋಡೋರು ನಾವೇ ಕೆಲಸಕ್ಕಿಟ್ಕೊಂಡಿದೀವಿ ಅನ್ಕೊಳ್ಳಲ್ವಾ?" ಎಂದು ಅಕ್ಕ ನನ್ನ ಹೆಂಡತಿಯ ಹತ್ತಿರ ದೂರಿದ್ದರು.

"ಇಟ್ಕೊಳ್ಳಿ ಅಕ್ಕ, ನಿಮ್ಮನೆ ಅಂಗಳಾನೂ ತೊಳೀತಾರೆ," ಎಂದಳು ನನ್ನ ಹೆಂಡತಿ.

"ಸುಮ್ನಿರೆ ಮಾರಾಯ್ತಿ!"

ಮೇಡಂ ಭದ್ರಾವತಿಗೆ ರೈಲಿನಲ್ಲಿ ಹೋಗುತ್ತಿದ್ದುದು ಎರಡನೆಯ ಒಗಟು. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸು ಕೈ ತೋರಿದರೆ ನಿಲ್ಲುವಷ್ಟು ಇದ್ದವು. ಇವರು ಮಾತ್ರ ಬೆಳಿಗ್ಗೆ ಸ್ಟೇಷನ್ನಿನವರೆಗೆ ನಡೆದು, ಬರುವ ಹೊತ್ತಿಗೆ ಬರುವ ಪ್ಯಾಸೆಂಜರಿಗೆ ಕಾಯುತ್ತಿದ್ದರು. ಯಾಕೆಂದು ನಾನೇ ಒಮ್ಮೆ ಕೇಳಿದೆ. "ರೈಲು ಚೆನ್ನಾಗಿದೆ," ಎಂದರು. ಅಷ್ಟೇ ಉತ್ತರ. ಅವರ ಕನ್ನಡ ಆಗ ಅಷ್ಟು ದೂರ ಹೋಗುತ್ತಿರಲಿಲ್ಲ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಸೈಕಲ್ ಹತ್ತಿ ಹೊಳಲೂರಿನ ಕಡೆ ಹೋಗಿ ತುಂಗೆಯ ದಡದಲ್ಲಿ ಕೂತು ಬರುತ್ತಿದ್ದರು. "ಅಲ್ಲಿ ಯಾರಿದಾರೆ ಮೇಡಂ?" ಎಂದು ಅಕ್ಕ ಕೇಳಿದ್ದಕ್ಕೆ, "ಯಾರೂ ಇಲ್ಲ. ಅದಕ್ಕೇ ಹೋಗ್ತೀನಿ," ಎಂದಿದ್ದರಂತೆ. ಈ ಮಾತು ನಮ್ಮ ರಸ್ತೆಯಲ್ಲಿ ಬಹಳ ದಿನ ಓಡಾಡಿತು. ಯಾರೂ ಇಲ್ಲದ ಕಡೆಗೆ ಬೇಕೆಂದೇ ಹೋಗುವವರನ್ನು ನಾವು ಅದುವರೆಗೆ ಕಂಡಿರಲಿಲ್ಲ.

ಊರು ನೆನಪಾಗುತ್ತದೆಯೇ ಎಂಬುದು ನಾವು ಎಲ್ಲ ಪರಸ್ಥಳದವರನ್ನೂ ಕೇಳುವ ಪ್ರಶ್ನೆ. ಅವರನ್ನೂ ಕೇಳಿದೆ. ಸಂಜೆ ಅವರು ಮೆಟ್ಟಿಲ ತುದಿಯಲ್ಲಿ ಹಾಲು ಹಾಕದ ಕಾಫಿ ಹಿಡಿದು ಕೂತಿದ್ದರು. ನಾನು ಕಚೇರಿಗೆ ಹೊರಡಲು ಸ್ಕೂಟರ್ ತೆಗೆಯುತ್ತಿದ್ದೆ. ಸ್ವಲ್ಪ ಯೋಚಿಸಿ, "ಊರು ಅಲ್ಲ, ಸಂಜೆ," ಎಂದರು. "ಇಲ್ಲಿ ಬೆಳಕು ಇದೆ, ಆಮೇಲೆ ಇಲ್ಲ. ನಮ್ಮಲ್ಲಿ ಬೇಸಗೆಯಲ್ಲಿ ಸಂಜೆ ಮುಗಿಯೋದೇ ಇಲ್ಲ. ಊಟ ಆದ ಮೇಲೂ ಅಪ್ಪ ಹೊರಗೆ ಸೌದೆ ಒಡೀತಾ ಇರ್ತಾರೆ." ಅದಾದ ಮೇಲೆ ಸಂಜೆ ಕಚೇರಿಯ ದಾರಿಯಲ್ಲಿ ಬೆಳಕು ಕುಸಿಯುವುದನ್ನು ನಾನು ಗಮನಿಸತೊಡಗಿದೆ. ಅವರು ಹೇಳಿದ್ದು ನಿಜ. ನಮ್ಮಲ್ಲಿ ಸಂಜೆ ಬಹಳ ಚಿಕ್ಕದು.

ಇನ್ನು ಕಾಫಿಯ ಪ್ರಸಂಗ. ಬಂದ ಹೊಸತರಲ್ಲಿ ಅಕ್ಕ ಮಹಡಿ ಹತ್ತಿ ಹೋದರು. ಮೇಡಂ ಕೂರಿಸಿ, ಕಾಫಿ ಕುಡಿಯುತ್ತೀರಾ ಎಂದು ಕೇಳಿದರು. ಅಕ್ಕ "ಅಯ್ಯೋ, ಬೇಡ ಬೇಡ, ಈಗಷ್ಟೇ ಆಯ್ತು," ಎಂದರು. ಮೇಡಂ ಸರಿ ಎಂದು ತಲೆಯಾಡಿಸಿ, ತಮ್ಮ ಒಬ್ಬರಿಗೇ ಕಾಫಿ ಮಾಡಿಕೊಂಡು ಬಂದು, ಅಕ್ಕನ ಎದುರು ಕೂತು ಕುಡಿದರು. ಕೆಳಗಿಳಿದ ಅಕ್ಕ ಮೊದಲು ಬಂದದ್ದು ನಮ್ಮ ಮನೆಗೆ.

"ಒಂದ್ಸಲ ಕೇಳಿದ್ರು ಕಣೆ. ಒಂದೇ ಸಲ. ಬೇಡ ಅಂದಿದ್ದಕ್ಕೆ ಸರಿ ಅಂದ್ಬಿಟ್ರು!"

"ಬೇಡ ಅಂದಿದ್ದು ಯಾಕೆ ಮತ್ತೆ?"

"ಬೇಡ ಅನ್ನದೆ? ಕೇಳಿದ ತಕ್ಷಣ ಹೂಂ ಅಂತಾರಾ ಯಾರಾದ್ರೂ? ಎರಡು ಸಲ ಬೇಡ ಅನ್ಬೇಕು, ಮೂರನೇ ಸಲ ಅವ್ರು ಲೋಟ ತಂದು ಕೈಗೆ ಹಿಡಿಸ್ಬೇಕು. ನಾವೇನು ಬರಗೆಟ್ಟಿದೀವಾ?"

ಇದು ನಮ್ಮಲ್ಲಿ ಯಾರೂ ಕಲಿಸದೆ ಬರುವ ವಿದ್ಯೆ. ಮೊದಲ ಬೇಡ ಮರ್ಯಾದೆಗೆ, ಎರಡನೆಯದು ಕರೆಯುವವರ ಮನಸ್ಸು ನೋಡುವುದಕ್ಕೆ. ಮೂರನೆಯ ಸಲವೂ ಬೇಡ ಎಂದರೆ ಮಾತ್ರ ಬೇಡ. ಮೇಡಂ ದೇಶದಲ್ಲಿ ಬೇಡ ಎಂದರೆ ಒಂದೇ ಸಲಕ್ಕೆ ಬೇಡ.

ಬರುವ ಮೊದಲು ಫೋನ್ ಮಾಡಿ ಎಂಬ ಅವರ ಇನ್ನೊಂದು ನಿಯಮ ಅರಗಲು ಇನ್ನೂ ಹೆಚ್ಚು ದಿನ ಹಿಡಿಯಿತು. ಭದ್ರಾವತಿಯಿಂದ ದಣಿದು ಬಂದು ಮಲಗಿದಾಗ ಯಾರಾದರೂ ಬಾಗಿಲು ಬಡಿದರೆ ಅವರಿಗೆ ಕಷ್ಟವಾಗುತ್ತಿತ್ತು. ಅದನ್ನು ಬಹಳ ವಿನಯದಿಂದ ಎಲ್ಲರಿಗೂ ಹೇಳಿದರು. ಕೆಳಗಿನ ಮನೆಯಿಂದ ಮೇಲಿನ ಮನೆಗೆ ಫೋನ್ ಮಾಡುವ ಅಕ್ಕನ ಅವಸ್ಥೆ ಕೆಲಕಾಲ ರಸ್ತೆಗೇ ತಮಾಷೆಯಾಯಿತು. ಅಕ್ಕ ರಿಸೀವರ್ ಹಿಡಿದರೆ ಅವರ ತಲೆಯ ಮೇಲೇ ಗಂಟೆ ಬಾರಿಸುವುದು ಕೇಳುತ್ತಿತ್ತು. "ಹಲೋ ಮೇಡಂ, ನಾನು ಕೆಳಗಡೆ ಮನೆ. ಬರ್ಲಾ?" ಈ ಮಾತು ಫೋನಿಗಿಂತ ಮೊದಲು ಮೆಟ್ಟಿಲ ಮೂಲಕ ಮೇಲೆ ತಲುಪಿರುತ್ತಿತ್ತು.

ಎರಡನೆಯ ವರ್ಷದ ಹೊತ್ತಿಗೆ ರಸ್ತೆ ಮೇಡಂಗೆ ಒಗ್ಗಿತು. ಅವರ ಮನೆಯಲ್ಲಿ ಕಾಫಿ ಬೇಕೇ ಎಂದರೆ ಮೊದಲನೇ ಸಲಕ್ಕೇ ಬೇಕು ಎನ್ನುವುದನ್ನು ಎಲ್ಲರೂ ಕಲಿತರು. ಅವರು ಬೇಡ ಎಂದರೆ ಬಲವಂತ ಮಾಡುವುದನ್ನು ಬಿಟ್ಟರು. ಹೊಸಬರು ಯಾರಾದರೂ ಒತ್ತಾಯ ಮಾಡಿದರೆ ಅಕ್ಕನೇ, "ಅವ್ರು ಹಂಗಲ್ಲ, ಒಂದ್ಸಲ ಹೇಳಿದ್ರೆ ಮುಗೀತು. ಸುಮ್ನೆ ಬಿಡಿ," ಎಂದು ತಿಳಿಸಿಕೊಡುತ್ತಿದ್ದರು. ಆ ದನಿಯಲ್ಲಿ ಸ್ವಲ್ಪ ಹೆಮ್ಮೆ ಇರುತ್ತಿತ್ತು. ಒಬ್ಬರ ರೀತಿಯನ್ನು ಅರಿತುಕೊಂಡ ಹೆಮ್ಮೆ.

ಕಾರ್ಖಾನೆಯ ಸುದ್ದಿಯೊಂದಕ್ಕಾಗಿ ಭದ್ರಾವತಿಗೆ ಹೋದಾಗ ಒಮ್ಮೆ ಅವರ ಕೇಂದ್ರವನ್ನೂ ನೋಡಿ ಬಂದೆ. ಕ್ವಾರ್ಟರ್ಸ್ ಸಾಲಿನ ತುದಿಯ ಹಳೆಯ ಕಟ್ಟಡ. ಮರದ ಎರಡು ಗಳಗಳ ನಡುವೆ ಮಕ್ಕಳು ಕೈಯೂರಿ ಹೆಜ್ಜೆ ಇಡುತ್ತಿದ್ದರು. ಶಿಫ್ಟ್ ಬದಲಾಗುವ ಸೈರನ್ ಕೂಗಿತು. ಮಕ್ಕಳೆಲ್ಲ ನಿಂತಲ್ಲೇ ನಿಂತು ಕಿಟಕಿ ಕಡೆ ತಿರುಗಿದರು, ಅಪ್ಪಂದಿರು ಬರುವ ಹೊತ್ತು. ಮೇಡಂ ಅವರನ್ನು ಮತ್ತೆ ನಡೆಯಲು ಹೇಳಲಿಲ್ಲ. ಕೂಗು ನಿಲ್ಲುವವರೆಗೆ ತಾವೂ ಕಿಟಕಿಯ ಕಡೆಗೇ ನೋಡುತ್ತ ನಿಂತರು. ಅಲ್ಲಿನ ಆಯಾ ತಮಿಳು ಬೆರೆತ ಕನ್ನಡದಲ್ಲಿ ಮೇಡಂಗೆ ಏನೋ ಹೇಳಿ ನಗಿಸುತ್ತಿದ್ದಳು. ನಮ್ಮ ರಸ್ತೆಯಲ್ಲಿ ಅಷ್ಟು ಸಲೀಸಾಗಿ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿ ಅವರು ಬೇರೆ ಏನೇನು ಕಲಿಯುತ್ತಿದ್ದರೆಂಬುದು ನಮಗೆ ತಿಳಿಯುವುದು ತಡವಾಯಿತು.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಮೇಡಂ ಮೆಟ್ಟಿಲಿಳಿದು ಬಂದು, ಅಂಗಳದಲ್ಲಿ ರಂಗೋಲಿ ಮುಗಿಸುತ್ತಿದ್ದ ಅಕ್ಕನಿಗೆ, "ಅಮ್ಮ, ನಮ್ಮ ತಂದೆ ತೀರಿಕೊಂಡರು. ಅಣ್ಣ ಫೋನ್ ಮಾಡಿದ್ದರು," ಎಂದು ಹೇಳಿದರು. ಹೇಳಿ, ಒಂದು ಗಳಿಗೆ ನಿಂತು, ಮೇಲೆ ಹೋದರು. ರಂಗೋಲಿ ಪುಡಿ ಮೆತ್ತಿದ ಕೈಯಲ್ಲೇ ಅಕ್ಕ ನಮ್ಮ ಗೇಟಿಗೆ ಬಂದರು.

ನಮ್ಮಲ್ಲಿ ಸಾವಿನ ಮನೆಗೆ ಯಾರನ್ನೂ ಕರೆಯುವುದಿಲ್ಲ. ಸುದ್ದಿ ಕಿವಿಗೆ ಬಿದ್ದವರು ತಾವಾಗಿಯೇ ಹೋಗಬೇಕು. ಬರಲೇ ಎಂದು ಕೇಳುವುದು ಅಪಚಾರ, ಬನ್ನಿ ಎನ್ನುವುದು ಇನ್ನೂ ಅಪಚಾರ. ಮೇಡಂ ಮನೆಗಾದರೋ ಕೇಳದೆ ಹೋಗುವಂತಿಲ್ಲ. ನಮ್ಮ ಗೇಟಿನ ಹತ್ತಿರ ಈ ಎರಡು ಕಟ್ಟಳೆಗಳು ಎದುರುಬದುರಾಗಿ ನಿಂತವು.

"ಹೋಗೋಣ ನಡೀರಿ ಅಕ್ಕ," ಎಂದಳು ನನ್ನ ಹೆಂಡತಿ.

"ಹಂಗೇ ಹೋಗ್ಬಿಡೋದಾ? ಒಬ್ರೇ ಇರ್ಬೇಕು ಅನ್ಸಿದ್ರೆ?"

"ಅಪ್ಪ ಹೋಗಿರೋ ದಿನ ಒಬ್ರೇ ಇರ್ಬೇಕು ಅನ್ಸುತ್ತಾ ಯಾರಿಗಾದ್ರೂ?"

"ಯಾರೂ ಇಲ್ದಿರೋ ಕಡೆ ಹುಡುಕ್ಕೊಂಡು ಹೋಗೋರು ಅವ್ರು, ಮರೆತ್ಯಾ?" ಅಕ್ಕ ನನ್ನ ಕಡೆ ತಿರುಗಿದರು. "ನೀವು ಪೇಪರ್ನೋರು. ಅವ್ರ ಕಡೆ ಹೆಂಗೆ ಪದ್ಧತಿ, ಗೊತ್ತಿಲ್ವಾ?"

ಗೊತ್ತಿಲ್ಲ ಎಂದೆ.

"ಅವ್ರಿಗೆ ಗೊತ್ತಾಗೋದು ಅಚ್ಚಾದ್ಮೇಲೇ ಅಕ್ಕ," ಎಂದಳು ನನ್ನ ಹೆಂಡತಿ.

ಕೊನೆಗೆ ಅಕ್ಕ ಫೋನ್ ಮಾಡುವುದೆಂದು ತೀರ್ಮಾನವಾಯಿತು. ನಾವಿಬ್ಬರೂ ಅವರ ನಡುಮನೆಯಲ್ಲಿ ನಿಂತಿದ್ದೆವು. ತಲೆಯ ಮೇಲೆ ಗಂಟೆ ಬಾರಿಸಿತು, ನಿಂತಿತು.

"ಮೇಡಂ, ನಾವು ಬರ್ಲಾ?"

ರಿಸೀವರಿನಿಂದ ಸಣ್ಣಗೆ ಕೇಳಿದ್ದು: "ಬೇಡ ಅಮ್ಮ, ಪರವಾಗಿಲ್ಲ. ನಿಮಗೆ ತೊಂದರೆ."

"ಊಟ ಆದ್ರೂ ಕಳಿಸ್ಲಾ? ಒಲೆ ಹಚ್ಬೇಡಿ ಇವತ್ತು."

"ಬೇಡ, ಬೇಡ. ಪರವಾಗಿಲ್ಲ."

ಅಕ್ಕ ರಿಸೀವರ್ ಇಟ್ಟು, "ನಾನು ಹೇಳ್ಲಿಲ್ವಾ?" ಎಂದರು. ಅವರ ಕಣ್ಣು ತುಂಬಿತ್ತು. ಅದು ತಮ್ಮ ಮಾತು ಗೆದ್ದದ್ದಕ್ಕೆ ಬಂದ ನೀರಲ್ಲ.

ಆ ದಿನ ನಾನು ಕಣ್ಣಾರೆ ಕಂಡದ್ದು ಇಷ್ಟು. ಮೇಡಂ ಸೈಕಲ್ ತೆಗೆಯಲಿಲ್ಲ. ಮಧ್ಯಾಹ್ನದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮೆಟ್ಟಿಲ ತುದಿಗೆ ಬಂದು ನಿಂತು ಒಳಗೆ ಹೋದರು. ಎರಡನೆಯ ಸಲ ಬಂದಾಗ ಕೂದಲು ಬಾಚಿ ಕಟ್ಟಿದ್ದರು, ಇಸ್ತ್ರಿಯಾದ ಬಿಳಿ ಬಟ್ಟೆ ಉಟ್ಟಿದ್ದರು. ಅವರ ಬಾಗಿಲು ಸಂಜೆಯವರೆಗೂ ತೆರೆದೇ ಇತ್ತು. ಇದನ್ನೆಲ್ಲ ನಾವು ಮೂವರೂ ನೋಡಿದೆವು. ಅವರಿಗೆ ಗಾಳಿ ಬೇಕಾಗಿರಬೇಕು ಎಂದುಕೊಂಡೆವು. ಮರುದಿನ ಬೆಳಿಗ್ಗೆ ಎಂದಿನಂತೆ ಸ್ಟೇಷನ್ನಿಗೆ ನಡೆದು ಹೋದರು.

ರಸ್ತೆಯಲ್ಲಿ ಅಭಿಪ್ರಾಯ ಎರಡಾಯಿತು. ಗಟ್ಟಿ ಹೆಂಗಸು ಎಂದರು ಕೆಲವರು. ಕಲ್ಲು ಮನಸ್ಸು ಎಂದರು ಕೆಲವರು. ಅಕ್ಕ ಎರಡನ್ನೂ ಹೇಳಲಿಲ್ಲ. "ಅಡುಗೆ ಮಾಡಿಟ್ಟಿದ್ದೆ. ಹಂಗೇ ಇತ್ತು," ಎಂದಷ್ಟೇ ನನ್ನ ಹೆಂಡತಿಗೆ ಹೇಳಿದರು.

ಮುಂದಿನದು ನನ್ನ ಹೆಂಡತಿ ಹೇಳಿದ್ದು. ಆ ವಾರ ಕಳೆದ ಮೇಲೆ ಮೇಡಂ ಅವಳನ್ನು ಗಾಂಧಿ ಬಜಾರಿಗೆ ಜೊತೆಗೆ ಕರೆದರು. ಉಡುಪು ಹೊಲಿಸಲು ಕಪ್ಪು ಬಟ್ಟೆ ಬೇಕಾಗಿತ್ತು. ಅಂಗಡಿಯ ಸಾಹುಕಾರರು ಉತ್ಸಾಹದಿಂದ ಥಾನಿನ ಮೇಲೆ ಥಾನು ಬಿಡಿಸಿದರು.

"ಕಪ್ಪು ಯಾಕಮ್ಮ? ಈ ಮೆರೂನ್ ನೋಡಿ, ಈ ಹಸಿರು ನೋಡಿ. ಯಾವ ಫಂಕ್ಷನ್ಗೆ?"

"ನಮ್ಮ ತಂದೆಯ ಮಣ್ಣಿಗೆ," ಎಂದರು ಮೇಡಂ. ಹೂಳುವುದಕ್ಕೆ ಅಕ್ಕನ ಮನೆಯವರು ಮಣ್ಣು ಎನ್ನುವುದನ್ನು ಅವರು ಕೇಳಿ ಕಲಿತಿದ್ದರು.

ಸಾಹುಕಾರರು ಥಾನು ಮಡಿಸಿದರು. "ಅಯ್ಯೋ ಪಾಪ. ಯಾವಾಗ ಹೋದ್ರು?"

"ಹೋದ ಭಾನುವಾರ ಅಲ್ಲ, ಅದರ ಹಿಂದಿನದು."

"ಮಣ್ಣು ಆಗಿದ್ದು?"

"ಇನ್ನೂ ಹತ್ತು ದಿನ ಇದೆ."

ಸಾಹುಕಾರರು ನನ್ನ ಹೆಂಡತಿಯ ಮುಖ ನೋಡಿದರು. ಅವಳು ಮೇಡಂ ಮುಖ ನೋಡಿದಳು. ಅವರ ದೇಶದಲ್ಲಿ ಹೀಗೇ, ಎರಡು ಮೂರು ವಾರ ಬಿಟ್ಟು, ದೂರದವರೆಲ್ಲ ಬಂದ ಮೇಲೆ ಎಂದು ಮೇಡಂ ವಿವರಿಸಿದರು. ಸತ್ತ ದಿನವೇ ಸಂಜೆಯೊಳಗೆ ಎಲ್ಲ ಮುಗಿಸುವ ನಮ್ಮ ಊರಿನ ಸಾಹುಕಾರರು ಕಪ್ಪು ಬಟ್ಟೆ ಕತ್ತರಿಸಿಕೊಟ್ಟರು.

ಅಂಗಡಿಯಿಂದ ಇಳಿದ ಮೇಲೆ ನನ್ನ ಹೆಂಡತಿ ತಡೆಯಲಾರದೆ ಕೇಳಿಬಿಟ್ಟಳು. "ಮೇಡಂ, ಅವತ್ತು ಯಾಕೆ ಬೇಡ ಅಂದ್ರಿ? ನಾವು ಬರ್ತಿದ್ವಿ."

ಮೇಡಂ ಬಜಾರಿನ ನಡುವೆಯೇ ನಿಂತರು. "ನೀವು ಮತ್ತೆ ಕೇಳಲಿಲ್ಲ," ಎಂದರು.

"ಅಂದ್ರೆ?"

"ನಾನು ಬೇಡ ಅಂದೆ. ಮರ್ಯಾದೆಗೆ ಬೇಡ ಅನ್ನಬೇಕಲ್ಲ. ಮೂರನೇ ಸಲ ಕೇಳ್ತೀರಿ ಅಂತ ಕಾಯ್ತಾ ಇದ್ದೆ. ಚಾಪೆ ಹಾಸಿದ್ದೆ."

ಭದ್ರಾವತಿಯ ಆಯಾ ಕಲಿಸಿದ್ದಳಂತೆ. ಮಕ್ಕಳನ್ನು ನೋಡಲು ಕ್ವಾರ್ಟರ್ಸ್ ಮನೆಗಳಿಗೆ ಹೋದಾಗ ಮೇಡಂ ಕಾಫಿಯನ್ನು ಮೊದಲ ಮಾತಿಗೇ ಈಸಿಕೊಳ್ಳುತ್ತಿದ್ದರು. "ಹಂಗೆ ತಗೋಬಾರ್ದು ಮೇಡಂ, ಹಸ್ಕೊಂಡು ಬಂದಿದಾರೆ ಅಂತಾರೆ. ಒಂದ್ಸಲ ಅಲ್ಲ, ಎರಡ್ವಾಟಿ ಬೇಡ ಅನ್ನಿ, ಆಮೇಲೆ ತಗೊಳ್ಳಿ," ಎಂದು ಅವಳು ಹೇಳಿಕೊಟ್ಟಿದ್ದಳು. ಮನೆಗಳಲ್ಲಿ ಅದು ಚೆನ್ನಾಗಿ ನಡೆಯಿತು. ಅಲ್ಲೇ ಒಬ್ಬ ಹುಡುಗನ ಅಜ್ಜ ತೀರಿಕೊಂಡಾಗ, ಜನ ಬಂದು ಬಂದು ಚಾಪೆಯ ಮೇಲೆ ಕೂರುವುದನ್ನೂ ಅವರು ನೋಡಿದ್ದರು. ನಮ್ಮ ರಸ್ತೆ ಅವರ ರೀತಿ ಕಲಿಯುತ್ತಿದ್ದಾಗ ಅವರು ಭದ್ರಾವತಿಯಲ್ಲಿ ನಮ್ಮ ರೀತಿ ಕಲಿಯುತ್ತಿದ್ದರು. ಆ ಭಾನುವಾರ ಅವರು ನಮ್ಮ ಹಾಗೆ ಬೇಡ ಎಂದರು, ನಾವು ಅವರ ಹಾಗೆ ಅದನ್ನು ನಂಬಿದೆವು.

ನನ್ನ ಹೆಂಡತಿ ಬಂದು ಹೇಳಿದಾಗ ಅಕ್ಕ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಕೈ ನಿಂತಿತು.

"ಚಾಪೆ ಹಾಸಿದ್ರಂತಾ?"

"ಹೂಂ ಅಕ್ಕ."

"ಶಿವನೇ."

ಇನ್ನು ಹೋದರೆ ಏನು ಫಲ, ಎರಡು ವಾರವಾಗುತ್ತ ಬಂತಲ್ಲ ಎಂದು ನಾನು ಅಂದೆ. ಅಕ್ಕ ನನ್ನನ್ನು ನೋಡಿದ ರೀತಿಯಲ್ಲಿ, ಇಷ್ಟು ವರ್ಷ ಸುದ್ದಿ ತಿದ್ದಿ ಇವನು ಕಲಿತದ್ದೇನು ಎಂಬ ಪ್ರಶ್ನೆ ಇತ್ತು. "ಮಣ್ಣು ಆಯ್ತಾ? ಇಲ್ಲ ತಾನೇ? ಮಣ್ಣಾಗೋಕೆ ಮುಂಚೆ ಹೋದ್ರೆ ತಡ ಹೆಂಗಾಗುತ್ತೆ?" ಎಂದರು. "ಅವ್ರ ದೇಶದ ಪದ್ಧತಿ ನಮಗೆ ಇಷ್ಟು ದಿನ ಟೈಮು ಕೊಟ್ಟಿದೆ. ಏಳ್ರೋ."

ಮೇಡಂ ಊರಿಗೆ ಹೊರಡುವ ಹಿಂದಿನ ದಿನ ಅದು. ಅಕ್ಕ ಫೋನ್ ಮುಟ್ಟಲಿಲ್ಲ. ಮುಂದೆ ಅಕ್ಕ, ಹಿಂದೆ ನನ್ನ ಹೆಂಡತಿ, ಕೊನೆಯಲ್ಲಿ ನಾನು. ಅಕ್ಕನಿಗೆ ಮಂಡಿನೋವು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಮೇಡಂ ಬಾಗಿಲು ತೆರೆದು ನಮ್ಮನ್ನು ನೋಡಿ, ಒಳಗೆ ಹೋಗಿ ಚಾಪೆ ತಂದು ಹಾಸಿದರು. ನಾವು ಕೂತೆವು.

ಅಡುಗೆಮನೆಯಿಂದ ಏಲಕ್ಕಿ ವಾಸನೆ ಬರುತ್ತಿತ್ತು. ಅವರ ಕಡೆ ಬನ್ನಿನ ಹಿಟ್ಟಿಗೆ ಏಲಕ್ಕಿ ಕುಟ್ಟಿ ಹಾಕುತ್ತಾರಂತೆ. ಸಾವಾದ ಮನೆಗೆ ಬಂದವರಿಗೆ ಆ ಬನ್ನು, ಕಾಫಿ ಕೊಡುವುದು ರೂಢಿಯಂತೆ. ಸಣ್ಣ ಓವನ್ನಿನಲ್ಲಿ ತಮ್ಮೊಬ್ಬರಿಗೇ ಮಾಡಿಕೊಂಡಿದ್ದನ್ನು ತಟ್ಟೆಯಲ್ಲಿಟ್ಟು, ಕರಿ ಕಾಫಿಯ ಲೋಟಗಳೊಂದಿಗೆ ತಂದರು. ನಾನು ಅಕ್ಕನ ಕಡೆ ನೋಡಿದೆ. ಮಣ್ಣಾಗದ ಮನೆಯಲ್ಲಿ ನಮ್ಮವರು ನೀರನ್ನೂ ಮುಟ್ಟುವುದಿಲ್ಲ. ತಡವಾಗಿಲ್ಲ ಎಂದು ವಾದಿಸಿ ನಮ್ಮನ್ನು ಕರೆತಂದ ಲೆಕ್ಕವೇ ಅಕ್ಕನಿಗೆ ಈಗ ಅಡ್ಡ ಬಂದಿತ್ತು.

"ಕಾಫಿ?" ಎಂದರು ಮೇಡಂ.

"ಕೊಡಿ," ಎಂದರು ಅಕ್ಕ. ಒಂದೇ ಮಾತು. ಲೋಟ ಎತ್ತಿ, ಕಹಿಗೆ ಮುಖ ಕಿವುಚಿ, ಪೂರ್ತಿ ಕುಡಿದು ಕೆಳಗಿಟ್ಟರು. ಆಮೇಲೆ ನಮ್ಮಲ್ಲಿ ಕೇಳುವ ರೀತಿಯಲ್ಲಿ ಕೇಳತೊಡಗಿದರು.

"ಏನಾಗಿತ್ತು ಅಪ್ಪಾಜಿಗೆ?"

"ಹೃದಯ. ನಿದ್ದೆಯಲ್ಲಿ."

"ಹಿಂದಿನ ದಿನ ಊಟ ಮಾಡಿದ್ರಾ?"

"ಮೀನು ಹಿಡಿದು ತಂದಿದ್ದರು. ಚಳಿಗೆ ಕೆರೆ ಗಟ್ಟಿಯಾಗಿರುತ್ತೆ, ತೂತು ಕೊರೆದು ಹಿಡೀತಾರೆ. ತಿಂದಿದ್ದರು."

"ಏನ್ ಕೆಲಸದಲ್ಲಿದ್ರು?"

ಆಗ ತಿಳಿಯಿತು. ಅವರ ಅಪ್ಪ ಒಂದು ಚಿಕ್ಕ ರೈಲು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಕೆಲಸದವರು. ಚಳಿಗಾಲದಲ್ಲಿ ಹಳಿಗಳ ನಡುವೆ ಕಟ್ಟಿದ ಮಂಜುಗಡ್ಡೆಯನ್ನು ಕೆರೆದು ತೆಗೆಯುವುದೇ ಅವರಿಗೆ ದೊಡ್ಡ ಕೆಲಸ. ಮಾತು ಬಹಳ ಕಡಿಮೆ. ಮಗಳು ಇಲ್ಲಿಗೆ ಬಂದ ಮೇಲೆ ಭಾನುವಾರಗಳಲ್ಲಿ ಫೋನ್ ಮಾಡಿದಾಗ ಹೇಗಿದ್ದೀಯ ಎಂದು ಕೇಳಲು ಬಾರದೆ, ಅಲ್ಲಿ ರೈಲು ಸರಿಯಾದ ಹೊತ್ತಿಗೆ ಬರುತ್ತದೆಯೇ ಎಂದು ಕೇಳುತ್ತಿದ್ದರಂತೆ. ಆ ವಾರ ಭದ್ರಾವತಿಯ ರೈಲು ಯಾವತ್ತು ಎಷ್ಟು ತಡವಾಯಿತು, ಯಾಕೆ ತಡವಾಯಿತು, ಕ್ರಾಸಿಂಗಿಗೆ ಎಲ್ಲಿ ನಿಂತಿತು ಎಂದು ಮಗಳು ಹೇಳುತ್ತಿದ್ದರು. ಬಸ್ಸಿನಲ್ಲಿ ಹೋದರೆ ಅಪ್ಪನಿಗೆ ಹೇಳಲು ಏನೂ ಇರುತ್ತಿರಲಿಲ್ಲ.

"ಹೋದ ಸೋಮವಾರ ರೈಲು ಸರಿಯಾದ ಹೊತ್ತಿಗೆ ಬಂತು," ಎಂದರು ಮೇಡಂ. "ಯಾರಿಗೆ ಹೇಳಲಿ?"

ಅಷ್ಟರಲ್ಲಿ ಪಕ್ಕದ ಮನೆಯವರು ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಇನ್ನಿಬ್ಬರು ಬಂದರು. ನಾವು ಮೇಲೆ ಹೋದದ್ದನ್ನು ರಸ್ತೆ ನೋಡಿತ್ತು. ಬಂದವರು ಮತ್ತೆ ಅದನ್ನೇ ಕೇಳಿದರು. ಏನಾಗಿತ್ತು, ಊಟ ಮಾಡಿದ್ರಾ, ಹತ್ರ ಯಾರಿದ್ರು. ಹೊಸದಾಗಿ ಬಂದವರಿಗೆಲ್ಲ ಮೊದಲಿನಿಂದ ಹೇಳುವುದು ನಮ್ಮಲ್ಲಿ ಸತ್ತವರ ಮನೆಯವರ ಪಾಲಿನ ಕೆಲಸ. ಹೊರಗಿನಿಂದ ನೋಡಿದವರಿಗೆ ಅದು ಹಿಂಸೆಯಂತೆ ಕಾಣಬಹುದು. ಮೇಡಂ ಮೊದಲನೆಯ ಸಲ ಗಡಿಯಾರ ನೋಡಿ ಹೇಳುವವರಂತೆ ಹೇಳಿದ್ದರು. ಎರಡನೆಯ ಸಲ ಮೀನು ಹಿಡಿಯುವುದನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದರು, ಯಾರೋ ನಕ್ಕರು, ಅವರೂ ನಕ್ಕರು. ಮೂರನೆಯ ಸಲ ಹೇಳುವಾಗ ನಡುವೆ ನಿಂತರು. ಅಕ್ಕ ಚಾಪೆಯ ಮೇಲೆ ಸರಿದು ಹತ್ತಿರ ಕೂತರು. ಬೆನ್ನ ಮೇಲೆ ಕೈ ಇಡಲು ಯಾರನ್ನೂ ಕೇಳಲಿಲ್ಲ.

ಮರುದಿನ ಮೇಡಂ ಹೊರಟರು. ತಿಂಗಳೊಪ್ಪತ್ತಿನಲ್ಲಿ ಬರುವುದಾಗಿ ಹೇಳಿ ಮನೆಗೆ ಬೀಗ ಹಾಕಿದರು. ಪಾತ್ರೆ, ಸೈಕಲ್ಲು ಎಲ್ಲ ಇಲ್ಲೇ ಇದ್ದವು. ಸಂಜೆ ಸ್ಕೂಟರ್ ತೆಗೆಯುವಾಗ ನಾನು ಮೆಟ್ಟಿಲ ತುದಿ ನೋಡುತ್ತಿದ್ದೆ. ಬೆಳಿಗ್ಗೆ ರೈಲು ಕೂಗಿದರೆ ನನ್ನ ಹೆಂಡತಿ, "ಇವತ್ತೂ ಲೇಟು," ಎನ್ನುತ್ತಿದ್ದಳು. ಯಾರಿಗೆ ಹೇಳುತ್ತಿದ್ದಾಳೆಂದು ನಾನು ಕೇಳುತ್ತಿರಲಿಲ್ಲ. ಅಕ್ಕನ ಮನೆಯ ಕೆಲಸದವಳು ಮೆಟ್ಟಿಲು ತೊಳೆಯತೊಡಗಿದಳು. ಅವಳು ಮೂಲೆ ಬಿಟ್ಟು ತೊಳೆಯುತ್ತಾಳೆಂದು ಅಕ್ಕ ದಿನಾ ಗೊಣಗುತ್ತಿದ್ದರು.

ಬೇಸಗೆಯ ನಡುವೆ ಒಂದು ದಿನ ಅಕ್ಕ ಗೇಟಿನಿಂದ ಕೂಗಿದರು. "ಮೇಡಂ ಫೋನು! ಬೇಗ ಬನ್ರೋ!" ನಾವು ಓಡಿ ಹೋದಾಗ ಅಕ್ಕ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮಣ್ಣು ಚೆನ್ನಾಗಿ ಆಯಿತಂತೆ. ನೆಲ ಹೆಪ್ಪುಗಟ್ಟಿದ್ದರಿಂದ ಅಗೆಯುವುದು ಕಷ್ಟವಾಯಿತಂತೆ. ಭದ್ರಾವತಿಯ ಕೇಂದ್ರಕ್ಕೆ ಹೊರಗಿನಿಂದ ಬರುತ್ತಿದ್ದ ನೆರವು ನಿಂತದ್ದರಿಂದ ಅವರ ಕೆಲಸವೂ ಮುಗಿದಿತ್ತು. ಅವರು ಇನ್ನು ಬರುವುದಿಲ್ಲ. ಸಾಮಾನುಗಳನ್ನು ಆಯಾಳಿಗೆ ಕೊಡಬೇಕೆಂದು ಕೇಳಿಕೊಂಡರು. ಇಷ್ಟನ್ನೂ ಅಕ್ಕ ಕೇಳಿದ ಹಾಗೆಲ್ಲ ನಮಗೆ ಗಟ್ಟಿಯಾಗಿ ಹೇಳುತ್ತ ಹೋದರು.

ಆಮೇಲೆ ಅಕ್ಕ ಒಂದೇ ಪ್ರಶ್ನೆ ಕೇಳಿದರು. "ಅಲ್ಲಿ ನಿನ್ನ ಜೊತೆ ಯಾರಿದಾರೆ?"

ಅದರ ಉತ್ತರವನ್ನು ಅವರು ಕೂಡಲೇ ನಮಗೆ ಹೇಳಲಿಲ್ಲ. "ಊಟ ಮಾಡು," ಎಂದು ಹೇಳಿ ಇಟ್ಟರು. ನನ್ನ ಹೆಂಡತಿ ಏನಂದರೆಂದು ಕೇಳಿದಳು. ಅಣ್ಣ ಬೇರೆ ಊರಲ್ಲಿದ್ದಾರಂತೆ. ಅಕ್ಕಪಕ್ಕದವರು ಒಳ್ಳೆಯವರು, ಫೋನ್ ಮಾಡಿ ಬರಲೇ ಎಂದು ಕೇಳುತ್ತಾರಂತೆ. "ನಾನು ಬೇಡ ಅಂತೀನಿ ಅಮ್ಮ, ಅವರು ಸರಿ ಅಂತಾರೆ," ಎಂದರಂತೆ.

ಅಕ್ಕ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತು ಮಂಡಿ ನೀವಿಕೊಂಡರು.

"ಭದ್ರಾವತಿಯಷ್ಟು ದೂರ ಇದ್ದಿದ್ರೆ," ಎಂದರು, "ಬಸ್ಸು ಹತ್ತಿ ಹೋಗಿ, ಕೂತ್ಕೊಂಡು ಬರ್ತಿದ್ದೆ ಕಣೆ."